ಕಾಲು ತುಂಡು

ಕ್ರಿಸ್‌ಮಸ್ ಚಾಕಲೇಟಿನ ಹೊದಿಕೆ ಬೆರಳು ತಗಲಿದೊಡನೆ ಮುಟ್ಟಿದವರ ಮೈಯನ್ನು ಓದಿ, ಒಳಗಿನ ಸಕ್ಕರೆ, ಕೊಬ್ಬು ಅವರಿಗೆ ಎಷ್ಟು ಸಲ್ಲುತ್ತದೆಂದು ತೋರಿಸುತ್ತಿತ್ತು. ಸಕ್ಕರೆ ಕಾಯಿಲೆಯ ಸೆವ್ರಿನ್ ಬಾಯಿಯವರಿಗೆ ಪ್ರತಿ ವರ್ಷ ಅದೇ ಉತ್ತರ: ಕಾಲು ತುಂಡು.

ಈ ಸಲ ಪಕ್ಕದ ಮನೆಯವರು ಕಳಿಸಿದ ಕುಸ್ವಾರ್ ತಟ್ಟೆಯಿಂದ, ಹಬ್ಬದ ಸಿಹಿತಿಂಡಿಗಳ ನಡುವಿನಿಂದ, ಒಂದು ಚಾಕಲೇಟನ್ನೆತ್ತಿ ಅವರು ಹಿಗ್ಗಿದರು. "ಲವೀನಾ, ನೋಡು ಮಾರಾಯ್ತಿ! ಮಿತಿಯಿಲ್ಲ ಅಂತ ಉಂಟು. ಎಷ್ಟು ಬೇಕಾದ್ರೂ ತಿನ್ಲಿಕ್ಕಾಗ್ತದೆ!"

ಸೊಸೆ ಲವೀನಾ ಧಾವಿಸಿ ಬಂದು ಹೊದಿಕೆಯನ್ನು ನೋಡಿದಳು. ಹೋದ ವರ್ಷ ಮಾವನಿಗೂ ಹಾಗೇ ಬಂದಿತ್ತು. ಅವರು ಖುಷಿಯಿಂದ ಡಬ್ಬಿ ಖಾಲಿ ಮಾಡಿ, ಹೊಸ ವರ್ಷ ನೋಡದೆ ಹೋದರು. ಸಿಹಿ ತೊಂದರೆ ಕೊಡುವಷ್ಟು ದಿನ ಯಾರಿಗೆ ಉಳಿದಿಲ್ಲವೋ, ಅವರಿಗೆ ಹೊದಿಕೆ ಮಿತಿ ಹಾಕುವುದಿಲ್ಲ.

"ಅದು ಹಾಳಾಗಿರ್ಬೇಕು ಮಾಯಿ, ಕೊಡಿ ಇಲ್ಲಿ," ಎಂದು ಅತ್ತೆಯ ಕೈಯಿಂದ ಕಿತ್ತುಕೊಂಡಳು. ಅವಳ ಕೈಯಲ್ಲೂ ಅಕ್ಷರ ಬದಲಾಗಲಿಲ್ಲ. ಇನ್ನೊಂದನ್ನೆತ್ತಿದಳು. ಅದರಲ್ಲೂ ಅದೇ.

"ಮಮ್ಮಿ, ನಂಗೂ!" ಎಂದು ಪುಟ್ಟ ಮಗಳು ಕೈಚಾಚಿದಳು. ಲವೀನಾ ತಟ್ಟೆಯನ್ನು ತಲೆಯ ಮೇಲಕ್ಕೆತ್ತಿ ಹಿಡಿದಳು.

ಅಷ್ಟರಲ್ಲಿ ಪಕ್ಕದ ಮನೆಯಿಂದ, ಅದರಾಚೆಯ ಮನೆಯಿಂದ, ಬೀದಿಯುದ್ದಕ್ಕೂ ಮಕ್ಕಳ ಕೇಕೆ ಎದ್ದಿತು: "ಎಷ್ಟು ಬೇಕಾದ್ರೂ! ನಮಗೂ ಎಷ್ಟು ಬೇಕಾದ್ರೂ ತಿನ್ಬಹುದಂತೆ!"