ದಾಟಿಸದ ನಂಬರು

ಚಿಕ್ಕಂದಿನಲ್ಲಿ ಅಪ್ಪ ಹಳೆಯ ರೇಡಿಯೋ ಹಾಕಿದಾಗ ಬರುತ್ತಿದ್ದ ಬಿಸಿ ಧೂಳಿನ ವಾಸನೆ, ಆಸ್ಪತ್ರೆಯ ಸರ್ವರ್ ಕೋಣೆಯ ಬಾಗಿಲಲ್ಲೇ ಎಂಜಿನಿಯರ್ ಹುಡುಗಿಯ ಮೂಗಿಗೆ ಬಡಿಯಿತು. ಸರ್ವರಿನ ಫ್ಯಾನು ನಿಂತುಹೋಗಿತ್ತು. ಅವಳ ಫೋನಿಗೆ ಎಚ್ಚರಿಕೆಯ ಮೆಸೇಜೇ ಬಂದಿರಲಿಲ್ಲ.

"ನಿನ್ನ ಮೂಗನ್ನೇ ಸರ್ವರಿಗೆ ಕಟ್ಟಿಬಿಡೋಣ ಕಣೇ," ಎಂದಳು ಪಕ್ಕದ ಮೇಜಿನ ಗೆಳತಿ. ಇವಳಿಗೆ ನಗು ಬರಲಿಲ್ಲ. ಎಚ್ಚರಿಕೆ ಕಳಿಸುವ ಕೋಡ್ ತೆರೆದು ನೋಡಿದರೆ ತಪ್ಪು ತನ್ನದೇ. ಅದರಲ್ಲಿ ಒಂದರೊಳಗೊಂದು ಎರಡು ಡೆಫಿನಿಷನ್‌ಗಳು, ಅಂದರೆ ಹೆಸರಿಟ್ಟ ಆದೇಶಗಳ ಕಟ್ಟುಗಳು; ಮೆಸೇಜ್ ಕಳಿಸುವುದು ಒಳಗಿನದು. ಹೊರಗಿನ ಡೆಫಿನಿಷನ್‌ಗೆ ತನ್ನ ಫೋನ್ ನಂಬರು ಕೊಟ್ಟಿದ್ದಳು. ಅದನ್ನು ಒಳಗಿನ ಡೆಫಿನಿಷನ್‌ಗೆ ದಾಟಿಸುವ ಸಾಲು ಬರೆಯಲು ಮರೆತಿದ್ದಳು. ಏನೂ ಸಿಗದ ಒಳಗಿನದು, ತನ್ನಲ್ಲಿ ಮೊದಲೇ ಬರೆದಿದ್ದ ನಂಬರಿಗೇ ಎಲ್ಲವನ್ನೂ ಕಳಿಸುತ್ತಿತ್ತು. ಅದು ಮೇಷ್ಟ್ರದು. ಅವಳಿಗೆ ಕೆಲಸ ಕಲಿಸಿದ, ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದ ಆ ಹಿರಿಯರು ತೀರಿಕೊಂಡು ಮೂರು ತಿಂಗಳಾಗಿತ್ತು.

ಸರಿಪಡಿಸುವ ಮೊದಲು ಹೇಳಿಬರೋಣವೆಂದು ಮಧ್ಯಾಹ್ನ ಅವರ ಮನೆಗೆ ಹೋದಳು. ಮೇಷ್ಟ್ರ ಫೋನು ಚಾರ್ಜಿಗೆ ಹಾಕಿಯೇ ಇತ್ತು. "ಮೆಸೇಜ್ ಬರ್ತಾನೇ ಇರುತ್ತಮ್ಮ," ಎಂದರು ಅವರ ಹೆಂಡತಿ. "ನಂಗೇನೂ ಅರ್ಥ ಆಗಲ್ಲ. ಟಿಣ್ ಅಂದ್ರೆ ಸಾಕು, ಇವರನ್ನ ಇನ್ನೂ ಯಾರೋ ಕರೀತಿದ್ದಾರೆ ಅಂತ ಒಂಥರಾ ಸಮಾಧಾನ."

"ಅಕ್ಕ, ಅದು ನನ್ನ ತಪ್ಪು. ಇವತ್ತೇ ಒಂದು ಸಾಲು ಸೇರಿಸ್ಬೇಕು. ಸೇರಿಸಿದ್ರೆ ಇಲ್ಲಿಗೆ ಬರೋದು ನಿಂತುಹೋಗುತ್ತೆ." ತನ್ನ ಮಾತು ಬೇರೆ ಯಾರೋ ಆಡಿದಂತೆ ಅವಳಿಗೆ ಕೇಳಿಸಿತು.

ಆಕೆ ಫೋನಿನ ಚಾರ್ಜರ್ ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟರು. "ಸೇರಿಸಮ್ಮ. ಇವರಿದ್ದಿದ್ರೆ, ಇನ್ನೂ ಯಾಕೆ ಕೂತಿದ್ದೀಯ ಅಂತ ಬೈತಿದ್ರು."

ಒಳಗೆ ಹೋದವರು ಊಟ ಬಡಿಸಿದ ತಟ್ಟೆ ತಂದು, "ಉಂಡ್ಕೊಂಡು ಹೋಗು," ಎನ್ನುತ್ತ ಅವಳ ಕೈಗಿಟ್ಟರು.