ಅಜ್ಜಿಗೆ ಗೊತ್ತಿಲ್ಲದ ಮಾತ್ರೆ

ಮಂಡಿನೋವಿಗೆಂದು ತಂದ ಮೀನೆಣ್ಣೆ ಮಾತ್ರೆಯ ಡಬ್ಬಿ ತೆರೆದರೆ ಸಾಕು, ಮೆಣಸೆ ಊರಿನ ನಮ್ಮ ಮನೆಯ ಒಂದು ಮಧ್ಯಾಹ್ನ ಇವತ್ತಿಗೂ ಮೂಗಿಗೆ ಬಡಿಯುತ್ತದೆ.

ಟೈಫಾಯ್ಡ್ ಬಿಟ್ಟ ಮೇಲೆ ನಾನು ಗೋಡೆ ಹಿಡಿದು ನಡೆಯುತ್ತಿದ್ದೆ. ಶಕ್ತಿ ಬರಲೆಂದು ಶೃಂಗೇರಿಯ ಡಾಕ್ಟರು ಇಂಥದ್ದೇ ಮೆತ್ತನೆಯ ಹಳದಿ ಮಾತ್ರೆ ಕೊಟ್ಟಿದ್ದರು. ನಮ್ಮದು ಈರುಳ್ಳಿಯೂ ಒಳಗೆ ಬಾರದ ಮನೆ. ಅಮ್ಮ ಶೀಶೆಯನ್ನು ಟ್ರಂಕಿನಲ್ಲಿ ಸೀರೆಗಳ ಅಡಿಗಿಟ್ಟು, "ಅಜ್ಜಿ ಹತ್ರ ಉಸಿರೆತ್ತಬೇಡ" ಎಂದಿದ್ದಳು.

ಅದು ಧನುರ್ಮಾಸ, ಮಧ್ಯಾಹ್ನವಾದರೂ ಚಳಿ ಬಿಟ್ಟಿರಲಿಲ್ಲ. ಅಮ್ಮ ಪೇಟೆಗೆ ಹೋಗಿದ್ದಳು. ನನ್ನ ಊಟವಾದ ಮೇಲೆ ಅಜ್ಜಿ ಮಡಿಸೀರೆಯಲ್ಲೇ ಬಂದು, ನೇರವಾಗಿ ಟ್ರಂಕು ತೆರೆದು ಶೀಶೆ ತೆಗೆದಳು. ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ ನನ್ನ ನಾಲಿಗೆಯ ಮೇಲಿಟ್ಟಳು.

"ಕಚ್ಚಬೇಡ ಕೂಸೇ, ನುಂಗು. ಒಡೆದ್ರೆ ನಾತ ಬರ್ತದೆ."

ಅಷ್ಟರಲ್ಲಿ ನಾನು ಕಚ್ಚಿಯಾಗಿತ್ತು. ಎಣ್ಣೆ ಗಲ್ಲಕ್ಕೆ ಇಳಿಯಿತು. ಅಜ್ಜಿ ಮಡಿಸೀರೆಯ ಸೆರಗಿನಿಂದಲೇ ಅದನ್ನು ಒರೆಸಿದಳು.

"ಅಜ್ಜಿ, ಇದು ಎಂತದು ಗೊತ್ತಾ ನಿಂಗೆ?"

"ನಂಗೆಂತ ಗೊತ್ತು? ನಿನ್ನಮ್ಮ ಕೇಳಿದ್ರೂ ಹಂಗೇ ಹೇಳು."

ಶೀಶೆಯನ್ನು ಇದ್ದಲ್ಲೇ ಇಟ್ಟು ಬಚ್ಚಲಿಗೆ ಹೋದಳು. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಕೊಡಗಟ್ಟಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿತು.

ಶಾಲು ಹೊದ್ದೇ ಒಳಬಂದ ಅಮ್ಮ, ಅಜ್ಜಿಯ ಒದ್ದೆ ತಲೆ ನೋಡಿ ನಿಂತಳು.

"ಎಂತ ಅತ್ತೆ, ಈ ಚಳೀಲಿ ಮತ್ತೆ ಸ್ನಾನ?"

"ಎಂತ ಸೆಕೆ ಮಾರಾಯ್ತಿ!" ಎಂದಳು ಅಜ್ಜಿ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು.