ಕ್ಲಚ್ ಇಲ್ಲದ ಗಾಡಿ

ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಾಗಿತ್ತು. ಬಾನೆಟ್ಟಿಗೆ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಪೇಢೆಯ ಡಬ್ಬಿಯನ್ನೂ ಬಿಚ್ಚಿದ್ದರು. ಗಾಡಿ ಹತ್ತಬೇಕಾದ ಜಿನಪ್ಪ ಕಾಕಾ ಮಾತ್ರ ಅಂಗಡಿಯ ಕಟ್ಟೆ ಬಿಟ್ಟು ಏಳಲೊಲ್ಲರು.

"ಕ್ಲಚ್ ಇಲ್ಲದ ಗಾಡಿಗೆ ನಾ ಕೈ ಹಚ್ಚಂಗಿಲ್ಲ," ಎಂದರು. "ನೀನ ಹೊಡ್ಕೊ ಹೋಗು."

೨೦೦೫ರ ದೀಪಾವಳಿ ಪಾಡ್ಯ. ಸಂಕೇಶ್ವರದ ಬೆಲ್ಲದ ಪೇಟೆಗೆ ವೃಷಭ ಕೊಲ್ಲಾಪುರದಿಂದ ಹೊಸ ಹೋಂಡಾ ಸಿಆರ್‌ವಿ ತಂದು ನಿಲ್ಲಿಸಿದ್ದ. ಬೆಳ್ಳಿ ಬಣ್ಣದ್ದು, ಆಟೊಮ್ಯಾಟಿಕ್. ಹೊಸ ಗಾಡಿಯನ್ನು ಮನೆಯ ಹಿರಿಯರೇ ಮೊದಲು ನಿಂಬೆಹಣ್ಣಿನ ಮೇಲೆ ಹಾಯಿಸಬೇಕು. ವೃಷಭನಿಗೆ ಹಿರಿಯರೆಂದರೆ ಅಪ್ಪನ ತಮ್ಮನಾದ ಈ ಕಾಕಾ ಒಬ್ಬರೇ. ಅಪ್ಪ ತೀರಿಕೊಂಡ ಮೇಲೆ ಹೆಗಲ ಮೇಲೆ ಹೊತ್ತು ಬೆಳೆಸಿದವರು. ತನ್ನ ಮೊದಲ ಗಾಡಿ ಅವರ ಕೈಯಿಂದಲೇ ಉರುಳಬೇಕು ಎನ್ನುವುದು ಅವನ ಬಹುದಿನದ ಆಸೆ. ಆ ಆಸೆಗೇ ಕಾಕಾ ಕಲ್ಲು ಹಾಕಿ ಕುಳಿತಿದ್ದರು.

ಪೇಟೆಯಲ್ಲಿ ಗಾಡಿಯ ವಿಷಯ ಬಂತೆಂದರೆ ಕೊನೆಯ ಮಾತು ಕಾಕಾರದೇ. ಯಾರೇ ಗಾಡಿ ಕೊಳ್ಳಲಿ, ಮೊದಲು ಈ ಕಟ್ಟೆಗೆ ಬಂದು ಚಹಾ ಕುಡಿದು ಹೋಗಬೇಕು. ಟೊಯೋಟಾ ಎಂದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುವ ಮಾಲು. ಹೋಂಡಾ ಎಂದರೆ ಎಂಜಿನ್, ಉಳಿದದ್ದೆಲ್ಲ ಆಮೇಲೆ. ಜರ್ಮನಿಯ ಗಾಡಿಯ ಬಾಗಿಲು ಮುಚ್ಚಿದ ಸಪ್ಪಳ ಕೇಳಿದರೇ ಹೊಟ್ಟೆ ತುಂಬುತ್ತದೆ. ಹೀಗೆ ಕಾಕಾರ ತೀರ್ಪುಗಳು. ತಮ್ಮ ಹಳೆಯ ಕಾಂಟೆಸ್ಸಾ ಕಾರಿನಲ್ಲಿ ಹೊರಟರಂತೂ ಡ್ರೈವರ್ ಮಾಯಪ್ಪನ ಕಥೆ ಮುಗಿದಂತೆಯೇ. "ಥರ್ಡಿಗೆ ತಗೊ," "ಎಂಜಿನ್ ಅಳಾಕತ್ತೈತಿ, ಕೇಳಸವಲ್ದೇನು?" ಎಂದು ಗೋಕಾಕ ಮುಟ್ಟುವ ತನಕ ಪಾಠ. ಹಿಂದಿನ ಸೀಟಿನಲ್ಲಿ ಕುಳಿತು ಆ ಪಾಠ ಕೇಳುತ್ತಲೇ ವೃಷಭನಿಗೂ ಗಾಡಿಯ ಹುಚ್ಚು ಹತ್ತಿದ್ದು.

ಪೂಜೆಗೆ ಬಂದಿದ್ದ ಗೊಬ್ಬರದ ಅಂಗಡಿಯ ಕೇದಾರಿಗೆ ತಡೆಯಲಾಗಲಿಲ್ಲ.

"ಇದರಾಗ ಕ್ಲಚ್ ಗೇರಿಂದೂ ಬರತೈತಲ್ಲೊ ವೃಷಭಾ?"

"ಬರತೈತ್ರಿ."

"ಮತ್ತ? ಕಾಕಾನ ಸ್ವಭಾವ ಗೊತ್ತಿದ್ದೂ ಇದನ್ನ ಯಾಕ ತಂದಿ?"

"ಮನಸ್ಸಿಗೆ ಬಂತ್ರಿ."

ಇದೆಂಥ ಉತ್ತರ! ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ತ್ರಿಶಲಾ ಗಂಡನನ್ನು ಕಣ್ಣಲ್ಲೇ ಗದರಿಸಿದಳು. ಹಬ್ಬದ ದಿನ ಕಾಕಾ ಮತ್ತು ಅಣ್ಣನ ಮಗನ ನಡುವೆ ಮನಸ್ತಾಪವಾದರೆ ಅದನ್ನು ತೊಳೆಯುವವರು ಯಾರು?

"ಹಂಗಾರ ಶೋರೂಮಿಗೆ ಫೋನ್ ಹಚ್ಚು," ಎಂದ ಕೇದಾರಿ. "ಬದಲಿ ಮಾಡಿ ಗೇರಿಂದು ಕೊಡತಾರ. ಪೂಜಿ ಎಂಟ ದಿವಸ ತಡಾ ಆಗಲಿ. ಕಾಕಾ ಜೋರಲೆ ಒಂದ ರೌಂಡ್ ಹೊಡದ ತೋರಸ್ತಾನ."

"ಬ್ಯಾಡ್ರಿ," ಎಂದ ವೃಷಭ.

"ಏ, ಬ್ಯಾಡ ಬ್ಯಾಡ," ಎಂದರು ಕಾಕಾ, ಅವನಿಗಿಂತ ಗಡಬಡಿಸಿ. "ಹುಡುಗ ಆಸೆಪಟ್ಟ ತಂದಾನ, ಇರಲಿ ಬಿಡು."

ಎಷ್ಟು ಸಿಟ್ಟಿದ್ದರೂ ಕರುಳು ಬಿಡುವುದಿಲ್ಲ ನೋಡು ಎಂದು ಕೇದಾರಿ ಕರಗಿಹೋದ. ಕಾಕಾ ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ಇಳಿದರು.

"ಮೊದಲನೇದು, ಇದು ಜೀಪೂ ಅಲ್ಲ, ಕಾರೂ ಅಲ್ಲ. ಜೀಪಿನ ಅಂಗಿ ತೊಟ್ಟ ಕಾರು. ಎರಡನೇದು, ಇದರ ಗೇರಬಾಕ್ಸ್. ಒಳಗ ಎರಡು ಫ್ಯಾನ್ ಎದರಬದರ ಇರತಾವು, ನಡಕ ಎಣ್ಣಿ. ಎಂಜಿನ್ ಶಕ್ತಿ ಎಣ್ಣ್ಯಾಗ ಈಜಿ ಈಜಿ ಚಕ್ರಕ್ಕ ಮುಟ್ಟಬೇಕು. ಅರ್ಧ ಅಲ್ಲೇ ಮುಳಗತೈತಿ. ಮನಷ್ಯಾಗ ಏನ ಕೆಲಸ ಉಳಿತು?"

"ಏನೂ ಇಲ್ರಿ ಕಾಕಾ," ಎಂದ ವೃಷಭ, ಒಂದೊಂದೇ ಮಾತನ್ನು ಬಿಡಿಸಿ. "ಎಡಗಾಲಿಗೆ ಕೆಲಸನ ಇಲ್ಲ. ಎಕ್ಸಲೇಟರೂ ಒತ್ತೂದ ಬ್ಯಾಡ. ಬ್ರೇಕ್ ಮ್ಯಾಲಿನ ಕಾಲ ತಗದ್ರ ಸಾಕು, ತಾನ ಸಾವಕಾಶ ಹೊಂಡತೈತಿ. ಒತ್ತಿದ್ರ ನಿಂದರತೈತಿ."

ಕಾಕಾ ಅವನ ಮುಖವನ್ನೇ ನೋಡಿದರು.

"ತಾನ ಹೊಂಡತೈತಿ?"

"ತಾನ ಹೊಂಡತೈತ್ರಿ. ಬಾಜೂಕ ನಾ ಕುಂದರತೇನಿ."

"ಇದೇನ ಗಾಡಿಯೋ, ಸಂಜೀಕ ಮನಿಗೆ ಹೊಂಟ ಎಮ್ಮಿಯೋ," ಎಂದು ಗೊಣಗುತ್ತ ಕಾಕಾ ಎದ್ದೇಬಿಟ್ಟರು. "ಎಷ್ಟ ಕೆಟ್ಟ ಐತಿ ಅಂತ ಹೊಡದ ತೋರಸಬೇಕಾತಲ್ಲ ಈಗ!"

ಅಷ್ಟರಲ್ಲಿ ಮಾಯಪ್ಪ, ಯಾರೂ ಹೇಳುವ ಮೊದಲೇ, ಮುಂದಿದ್ದ ಬೆಲ್ಲದ ಗಾಡಿಗಳನ್ನೆಲ್ಲ ಸರಿಸಿ ಅಂಗಳ ಬಯಲು ಮಾಡಿದ್ದ. ಜನರನ್ನೂ ಹಿಂದೆ ಕಳಿಸಿದ. ಕಾಕಾ ಟೋಪಿ ಸರಿಮಾಡಿಕೊಂಡು ಬಲಗಡೆ ಹತ್ತಿದರು. ವೃಷಭ ಎಡಗಡೆ ಕುಳಿತು ಗೇರಿನ ಹಿಡಿಕೆ ಎಳೆದ. ಕಾಕಾ ಬ್ರೇಕಿನ ಮೇಲಿನ ಕಾಲು ತೆಗೆದರು. ನಾಲ್ಕೂ ನಿಂಬೆಹಣ್ಣು ಪಚಕ್ಕೆಂದವು. ತ್ರಿಶಲಾಗೆ ಹೋದ ಜೀವ ಬಂದಂತಾಯಿತು.

ಗಾಡಿ ಅಷ್ಟಕ್ಕೇ ನಿಲ್ಲಲಿಲ್ಲ. ನಡೆದು ಹೋಗುವವನ ವೇಗದಲ್ಲಿ ಅಂಗಳವನ್ನು ಪೂರ್ತಿ ಒಂದು ಸುತ್ತು ಹಾಕಿತು.

"ನೋಡ್ರಿ, ಹೊಸಾ ಎಂಜಿನ್ ಹೆಂಗ ಹೊಡೀಬೇಕಂತ," ಎಂದು ಕೇದಾರಿ ಎಲ್ಲರಿಗೂ ವಿವರಿಸಿದ. "ಪಳಗಿದ ಕೈ ಅಂದ್ರ ಹಿಂಗ ಇರತೈತಿ."

ಕಾಕಾ ಇಳಿದಾಗ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಮುಖ ಮಾತ್ರ ಹಬ್ಬಕ್ಕಿಂತ ದೊಡ್ಡ ಹಬ್ಬವಾಗಿತ್ತು. "ಪಿಕಪ್ ಇಲ್ಲ," ಎಂದು ತೀರ್ಪು ಕೊಟ್ಟು, ಎರಡು ಪೇಢೆ ಒಟ್ಟಿಗೇ ಬಾಯಿಗೆ ಹಾಕಿಕೊಂಡರು. ಆಮೇಲೆ ವೃಷಭನ ತಲೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ. ವೃಷಭನ ಕಣ್ಣು ತುಂಬಿ ಬಂತು.

ಮಂದಿ ಚಹಾಕ್ಕೆ ಕುಳಿತಾಗ ತ್ರಿಶಲಾ ಗಂಡನನ್ನು ಒಳಗೆ ಕರೆದಳು.

"ನಿಮಗರ ಗೇರಿನ ಗಾಡೀನ ಸೇರತೈತಿ. ಕಾಕಾರಿಗೂ ಅದ ಸೇರತೈತಿ. ಅವರ ಕೈಲೆ ಹೊಡಸಬೇಕಂತ ಇಷ್ಟ ಆಸೆ ಇಟ್ಕೊಂಡು ಇದನ್ನ್ಯಾಕ ತಂದ್ರಿ?"

ವೃಷಭ ಕಿಟಕಿಯಿಂದ ಹೊರಗೆ ನೋಡಿದ. ಘಾಟಿನ ತಿರುವಿನಲ್ಲಿ ಯಾವ ಗೇರು ಇರಬೇಕೆಂದು ಕಾಕಾ ಕೇದಾರಿಗೆ ಕೈ ಬೀಸಿ ಬೀಸಿ ಹೇಳುತ್ತಿದ್ದರು. ಅವನು ದನಿ ತಗ್ಗಿಸಿದ.

"ಯಾರ ಮುಂದೂ ಅನಬ್ಯಾಡ, ತ್ರಿಶಲಾ. ಕಾಕಾಗ ಗಾಡಿ ಹೊಡ್ಯಾಕ ಬರಂಗಿಲ್ಲ."